ಒಂದೇ ಸಲ ಕೇಳುವ ಟೀಚರು

ಆ ದಿನ ಶಾಲೆಯಿಂದ ಹೊರಗೆ ಬಂದಾಗ ನನ್ನಷ್ಟು ಖುಷಿಯಾಗಿದ್ದವಳು ಟೆಕ್ಸಸ್ಸಿನ ನಮ್ಮ ಇಡೀ ಫ್ರಿಸ್ಕೋ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ. ಮಗಳ ಟೀಚರು ನನ್ನ ಕೈ ಹಿಡಿದುಕೊಂಡು ಮಾತಾಡಿದ್ದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಪರದೇಶದ ಟೀಚರೊಬ್ಬರು ನಮ್ಮ ಕೂಸನ್ನು ಇಷ್ಟು ಹಚ್ಚಿಕೊಂಡಿದ್ದಾರಲ್ಲ ಎಂದು ನನಗೆ ಎದೆ ತುಂಬಿ ಬಂದಿತ್ತು.

ಮಗಳು ಆಗ ಎರಡನೇ ಕ್ಲಾಸು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಬಡಾವಣೆಯಲ್ಲಿ ಅರ್ಧ ಮನೆಗಳು ಎದ್ದಿದ್ದವು, ಇನ್ನರ್ಧ ಬರೀ ಮರದ ಚೌಕಟ್ಟು. ಬೀದಿಯ ಗಿಡಗಳೆಲ್ಲ ನನ್ನ ಸೊಂಟದೆತ್ತರ. ಗಂಡ ಬೆಳಗ್ಗೆ ಏಳಕ್ಕೆ ಟೋಲ್‌ವೇ ಹೆದ್ದಾರಿ ಹತ್ತಿದರೆ ಸಂಜೆ ಏಳಕ್ಕೆ ವಾಪಸು. ಹಾಗಾಗಿ ಫೆಬ್ರವರಿಯಲ್ಲಿ ಟೀಚರು ತಂದೆತಾಯಿಯನ್ನು ಕರೆಸಿದಾಗ ನಾನೊಬ್ಬಳೇ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಮೂಲೆಯ ಕಾರ್ಪೆಟ್ಟಿನ ಮೇಲೆ ಪುಸ್ತಕ ಹಿಡಿದು ಕೂತಳು. ನಾನು ಮೊಳದೆತ್ತರದ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತೆ.

ಟೀಚರಿಗೆ ಐವತ್ತರ ಆಸುಪಾಸು. ಟೆಕ್ಸಸ್ಸಿನಲ್ಲೇ ಹುಟ್ಟಿ ಬೆಳೆದವರು. ಮಾತೆಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಿಮ್ಮ ಮಗಳಷ್ಟು ವಿನಯದ ಮಗುವನ್ನು ನನ್ನ ಸರ್ವೀಸಿನಲ್ಲೇ ನೋಡಿಲ್ಲ ಎಂದರು. 'ಪ್ಲೀಸ್', 'ಥ್ಯಾಂಕ್ ಯೂ' ಇಲ್ಲದೆ ಅವಳು ಬಾಯಿ ತೆರೆಯುವುದೇ ಇಲ್ಲ ಎಂದರು. ಆಮೇಲೆ, ಅವಳಿಗೆ ಇನ್ನೊಂದಿಷ್ಟು ಸಮಯವನ್ನು ಉಡುಗೊರೆಯಾಗಿ ಕೊಟ್ಟರೆ ಹೇಗಿರಬಹುದೆಂದು ತಾವು ಯೋಚಿಸುತ್ತಿರುವುದಾಗಿ ಹೇಳಿದರು. ಓದಿನಲ್ಲಿ ಕೆಲವು ಮಕ್ಕಳು ತಮ್ಮದೇ ಗತಿಯಲ್ಲಿ ಅರಳುತ್ತಾರೆ, ಈ ಕೋಣೆಯಲ್ಲಿ ಅವಳಿಗೆ ಯಾವಾಗಲೂ ಜಾಗವಿದೆ ಎಂದರು. ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿದೆ. ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಕೂರಿಸಿಕೊಂಡು ಹೇಳಿಕೊಡುತ್ತಾರೆ, ಪುಣ್ಯಾತ್ಗಿತ್ತಿ, ಎಂದುಕೊಂಡೆ. "ನೀವು ಗುರುಗಳು. ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡಿ" ಎಂದು, ನಮ್ಮ ಕಡೆ ದೊಡ್ಡವರಿಗೆ ಹೇಳುವ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಆಗಲೇ ಅವರು ನನ್ನ ಕೈ ಹಿಡಿದುಕೊಂಡದ್ದು. ಎಷ್ಟೋ ತಾಯಂದಿರಿಗೆ ಇದನ್ನು ಒಪ್ಪುವುದು ಬಹಳ ಕಷ್ಟವಾಗುತ್ತದೆ, ನಿಮ್ಮದು ದೊಡ್ಡ ಮನಸ್ಸು ಎಂದರು.

ಕಾರಿನಲ್ಲಿ ಕೂತು, ಹಾಡು ಗುನುಗುತ್ತ ಸೀಟ್ ಬೆಲ್ಟ್ ಎಳೆದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಮಗಳ ತುಟಿ ನಡುಗುತ್ತಿತ್ತು.

"ಏನಾತು ಪುಟ್ಟಿ?"

"ಅಮ್ಮಾ, ನಾನು ಮುಂದಿನ ವರ್ಷಾನೂ ಸೆಕೆಂಡ್ ಗ್ರೇಡಾ?"

"ಯಾರಂದ್ರು ನಿನಗ?"

"ಟೀಚರ್ ಈಗ ಹೇಳಿದ್ರಲ್ಲ. ನೀನೂ ಓಕೆ ಅಂದೆ."

ಇದನ್ನು ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ನನ್ನದು ಧಾರವಾಡದ ಕನ್ನಡ, ಗಂಡನದು ಮೈಸೂರಿನದು. ಮಗಳು ಎರಡನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳ ಮಾತನ್ನು ನಾನಿಲ್ಲಿ ಕನ್ನಡಕ್ಕೆ ತಂದುಕೊಂಡಿದ್ದೇನೆ ಅಷ್ಟೆ.

ಧಾರವಾಡದ ಹೈಸ್ಕೂಲಿನಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಡೈರೆಕ್ಟ್ ಸ್ಪೀಚು, ಇನ್‌ಡೈರೆಕ್ಟ್ ಸ್ಪೀಚು ಎಂದು ಬೋರ್ಡಿನ ತುಂಬ ಬರೆದು, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಎದುರಿಗೆ ಕೂತ ಹೆಂಗಸು ನಿನ್ನ ಮಗಳನ್ನು ಅದೇ ಕ್ಲಾಸಿನಲ್ಲಿ ಉಳಿಸಿಕೊಳ್ಳುತ್ತೇನೆ ಅಂದದ್ದು ನನಗೆ ತಿಳಿಯಲಿಲ್ಲ, ಮೂಲೆಯಲ್ಲಿ ಕೂತ ಏಳು ವರ್ಷದ ಮಗುವಿಗೆ ತಿಳಿಯಿತು. ತಿಳಿಯದೇ ಹೋದದ್ದು ಹಾಳಾಗಲಿ, ನಾನು ಹೂಂ ಅಂದು ಬಂದಿದ್ದೆ.

"ಇಲ್ಲವ್ವಾ, ನಾ ಸುಮ್ನ ಮರ್ಯಾದಿಗೆ ಹಂಗಂದೆ" ಎಂದೆ.

"ಯಾಕೆ?" ಎಂದಳು. ನಾನು ಕಾರು ಚಾಲೂ ಮಾಡಿದೆ.

ಸಂಜೆ ಗಂಡ ಬಂದು ಷೂ ಬಿಚ್ಚುವುದಕ್ಕೂ ಬಿಡದೆ ಎಲ್ಲ ಹೇಳಿದೆ. "ನಿಧಾನ, ನಿಧಾನ. ಏನಾಯ್ತೀಗ? ಫೋನ್ ಮಾಡಿ ಕೇಳಿದ್ರೆ ಆಯ್ತು" ಎಂದರು ಅವರು. ಮೈಸೂರಿನವರಿಗೆ ಮನೆಗೆ ಬೆಂಕಿ ಬಿದ್ದರೂ ನಿಧಾನವೇ. ಮರುದಿನ ನಾನೇ ಫೋನ್ ಮಾಡಿದೆ. ಟೀಚರಿಗೆ ಪಾಪ ಗಾಬರಿಯಾಯಿತು. ಇನ್ನೂ ಏನೂ ಪಕ್ಕಾ ಆಗಿಲ್ಲ, ಏಪ್ರಿಲ್ ಕೊನೆಗೆ ಶಾಲೆಯವರೆಲ್ಲ ಸೇರಿ ತೀರ್ಮಾನ ಮಾಡುತ್ತೇವೆ ಎಂದರು. ತೊಂದರೆ ಏನೆಂದರೆ, ಆಗಸ್ಟಿನಲ್ಲಿ ಶಾಲೆ ಶುರುವಾದಾಗಿನಿಂದ ನನ್ನ ಮಗಳು ಕ್ಲಾಸಿನಲ್ಲಿ ಒಂದು ಸಲವೂ ಗಟ್ಟಿಯಾಗಿ ಓದಿಲ್ಲ. ಅವಳಿಗೆ ಓದಲು ಬರುತ್ತದೆಯೋ ಇಲ್ಲವೋ ಎಂದು ಬರೆಯುವುದಕ್ಕೆ ತಮ್ಮ ಬಳಿ ಏನೂ ಇಲ್ಲ ಎಂದರು.

"ಮನೆಯಲ್ಲಿ ಶಾಂಪೂ ಬಾಟಲಿಯ ಹಿಂದಿರುವುದನ್ನೂ ಬಿಡದೆ ಓದುತ್ತಾಳೆ" ಎಂದೆ.

"ಇರಬಹುದು. ಮಕ್ಕಳು ಮನೆಯಲ್ಲಿ ಬೇರೆ ಥರ ಇರುತ್ತಾರೆ" ಎಂದರು ಮೆತ್ತಗೆ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹಾಗಾದರೆ ನಾನೇ ಬಂದು ನೋಡುತ್ತೇನೆ ಎಂದೆ. ಅಲ್ಲಿನ ಶಾಲೆಗಳಲ್ಲಿ ತಾಯಂದಿರು ವಾರಕ್ಕೊಂದು ದಿನ ಹೋಗಿ ಕ್ಲಾಸಿನ ಸಣ್ಣಪುಟ್ಟ ಕೆಲಸ ಮಾಡಿಕೊಡುವ ಪದ್ಧತಿಯಿದೆ. ನನಗೆ ಬುಧವಾರ ಸಿಕ್ಕಿತು. ಹಿಂದಿನ ಮೇಜಿನಲ್ಲಿ ಕೂತು ಬಣ್ಣದ ಕಾಗದದಲ್ಲಿ ಎಲೆ, ಚಿಟ್ಟೆ, ನಕ್ಷತ್ರ ಕತ್ತರಿಸಬೇಕು. ಪಾಠ ನಡೆಯುವಾಗ ಬಾಯಿ ಹಾಕುವ ಹಾಗಿಲ್ಲ, ಸ್ವಂತ ಮಗುವಿನ ಹತ್ತಿರವಂತೂ ಮಾತಾಡುವ ಹಾಗೇ ಇಲ್ಲ.

ಮೊದಲ ಬುಧವಾರ ನನಗೆ ಆ ಕ್ಲಾಸು ತಲೆಬುಡ ತಿಳಿಯಲಿಲ್ಲ. ಇಪ್ಪತ್ತು ಮಕ್ಕಳು ಕಲಕಲ ಅನ್ನುತ್ತಿದ್ದವು. ಟೀಚರು ಯಾರನ್ನೂ ನೋಡದೆ, "ಇಲ್ಲಿ ಸ್ವಲ್ಪ ಗದ್ದಲ ಜಾಸ್ತಿಯಾಗ್ತಾ ಇದೆಯಲ್ಲ" ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದರು. ನಾನು ಮೇಲೆ ಏ.ಸಿ. ಕಡೆ ನೋಡಿದೆ. ತಲೆ ಇಳಿಸುವಷ್ಟರಲ್ಲಿ ಇಡೀ ಕ್ಲಾಸು ತುಟಿ ಹೊಲಿದುಕೊಂಡು ಕೂತಿತ್ತು. ಇನ್ನೊಂದು ಸಲ, ನಾಲ್ಕನೇ ಟೇಬಲ್ಲಿನಲ್ಲಿ ಇಬ್ಬರು ಜಗ್ಗಾಡುತ್ತಿದ್ದರೆ, ಟೀಚರು ಮೂರನೇ ಟೇಬಲ್ಲಿನ ಕಡೆ ತಿರುಗಿ, "ಈ ಟೇಬಲ್ಲಿನವರು ಎಷ್ಟು ಚೆನ್ನಾಗಿ ಕೂತಿದ್ದಾರೆ, ನನಗೆ ಬಹಳ ಇಷ್ಟವಾಯಿತು" ಎಂದರು. ನಾಲ್ಕನೇ ಟೇಬಲ್ಲಿನವರು ತಕ್ಷಣ ಬೆನ್ನು ನೆಟ್ಟಗೆ ಮಾಡಿದರು. ಎಲಾ ಇವರ! ನಮ್ಮ ಅಜ್ಜಿ ಸೊಸೆಯಂದಿರನ್ನು ಬೈಯಬೇಕಾದಾಗ ಹಿತ್ತಿಲಿನ ಎಮ್ಮೆಯನ್ನು ಬೈಯುತ್ತಿದ್ದಳು. ಇದೂ ಅದೇ ವಿದ್ಯೆ, ಬೈಗುಳದ ಜಾಗದಲ್ಲಿ ಹೊಗಳಿಕೆ.

ಒಂದು ಹುಡುಗಿ ಲೆಕ್ಕ ತಪ್ಪಾಗಿ ಮಾಡಿ ತಂದರೆ, "ಓಹ್, ಇದು ಕುತೂಹಲದ ಉತ್ತರ" ಎಂದರು ಟೀಚರು. ಆ ಹುಡುಗಿ ಅಳುಕದೆ ರಬ್ಬರ್ ತೆಗೆದು ಅಳಿಸತೊಡಗಿದಳು. ತಪ್ಪು ಎಂಬ ಮಾತನ್ನು ಯಾರೂ ಆಡಿರಲಿಲ್ಲ, ಆದರೆ ಅವಳಿಗೆ ತಿಳಿದಿತ್ತು. "ವುಡ್ ಯು ಲೈಕ್ ಟು" ಎಂದು ಶುರುವಾದರೆ ಸಾಕು, ಮಕ್ಕಳು ಕೈಯಲ್ಲಿದ್ದದ್ದು ಬಿಟ್ಟು ಏಳುತ್ತಿದ್ದರು. ಕ್ರೆಯಾನು ಎತ್ತಿಡಲು ನಿಮಗೆ ಇಷ್ಟವೇ? ಸಾಲಾಗಿ ನಿಲ್ಲಲು ಇಷ್ಟವೇ? ಇಷ್ಟವಿಲ್ಲ ಎನ್ನುವ ಧೈರ್ಯ ಯಾವ ಮಗುವಿಗೂ ಇಲ್ಲ. ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ನನ್ನ ಮಗಳೇ. ಇಂಥ ಚುರುಕಿನ ಕೂಸನ್ನು ಎರಡನೇ ಕ್ಲಾಸಿನಲ್ಲೇ ಕೂರಿಸುತ್ತಾರಂತೆ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಊಟಕ್ಕೆ ಮೊದಲು ಎಲ್ಲರೂ ಕಾರ್ಪೆಟ್ಟಿನ ಮೇಲೆ ಸುತ್ತ ಕೂತರು. ಟೀಚರು ಒಂದು ಕಥೆ ಪುಸ್ತಕ ತೆರೆದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು, "ವುಡ್ ಯು ಲೈಕ್ ಟು ರೀಡ್?" ಒಬ್ಬೊಬ್ಬರೂ ಒಂದು ಪುಟ ಓದಿದರು. ಕೆಲವರು ತಡವರಿಸಿ ಓದಿದರು, ಒಬ್ಬ ಹುಡುಗನಂತೂ ಅಕ್ಷರ ಅಕ್ಷರ ಕೂಡಿಸಿ ಓದಿದ. ನನ್ನ ಮಗಳ ಸರದಿ ಬಂತು.

"ನೋ, ಥ್ಯಾಂಕ್ ಯೂ" ಎಂದಳು ನನ್ನ ಮಗಳು. ಎಷ್ಟು ಚೆಂದ ನಕ್ಕಳು ಅಂತೀರಿ.

"ದಟ್ಸ್ ಓಕೆ, ಸ್ವೀಟಿ" ಎಂದರು ಟೀಚರು, ಅವರೂ ನಕ್ಕರು, ಪುಸ್ತಕ ಮುಂದಿನ ಮಗುವಿಗೆ ಹೋಯಿತು. ನನ್ನ ಕೈಯಲ್ಲಿದ್ದ ಚಿಟ್ಟೆಯ ಒಂದು ರೆಕ್ಕೆ ಕತ್ತರಿಸಿಹೋಯಿತು.

ಅವತ್ತು ಸಂಜೆ ಗಂಡ ಬಂದ ಮೇಲೆ ಮಗಳನ್ನು ನಿಲ್ಲಿಸಿಕೊಂಡು ಕೂಗಾಡಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. "ಯಾಕ ಓದಲಿಲ್ಲ? ಬಾಯಿ ಬಿದ್ದು ಹೋಗಿತ್ತೇನು? ಅಕ್ಷರ ಕೂಡಿಸಿ ಓದೋ ಹುಡುಗ ಥರ್ಡ್ ಗ್ರೇಡಿಗೆ ಹೋಗ್ತಾನ, ನೀ ಇಲ್ಲೇ ಕೂಡ್ತಿ, ಬೇಕೇನು ಹಂಗ?" ಎಂದೆ. ಅವಳು ನೆಲ ನೋಡುತ್ತ ನಿಂತಳು. ಬೇಡ ಎಂದು ತಲೆಯಾಡಿಸಿದಳು. ಯಾಕೆ ಓದಲಿಲ್ಲವೆಂದು ಮಾತ್ರ ಹೇಳಲಿಲ್ಲ. ಕಣ್ಣೀರು ಕೆನ್ನೆ ದಾಟಿದಾಗ ಗಂಡ ಅವಳನ್ನು ಎತ್ತಿಕೊಂಡು ಹೊರಗೆ ಹೋದರು. ಮುಂದಿನ ಬುಧವಾರವೂ ಅದೇ ನಗು, ಅದೇ "ನೋ, ಥ್ಯಾಂಕ್ ಯೂ". ಅದರ ಮುಂದಿನ ಬುಧವಾರವೂ.

ಮಾರ್ಚಿನಲ್ಲಿ ಶಾಲೆಗೆ ಒಂದು ವಾರ ರಜೆ. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ನನ್ನ ಅಕ್ಕ ಇದ್ದಳು. ಭಾವ ಅಲ್ಲಿ ಎಂಜಿನಿಯರು. ನಾಲ್ಕೂವರೆ ತಾಸು ಡ್ರೈವ್ ಮಾಡಿಕೊಂಡು ಮಧ್ಯಾಹ್ನಕ್ಕೆ ಹೋಗಿ ಮುಟ್ಟಿದೆವು. ನನ್ನ ಅಕ್ಕನ ಉಪಚಾರ ಅಂದರೆ ಸಾಮಾನ್ಯವಲ್ಲ. ಬಡಿಸಿದ್ದನ್ನು ಸಾಕು ಅಂದವರ ಎಲೆಗೆ ಎರಡು ಬೀಳುತ್ತದೆ, ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದ ಬೀಳುತ್ತದೆ. ಅವತ್ತು ಹೋಳಿಗೆ ಮಾಡಿದ್ದಳು.

"ತಗೋ ಪುಟ್ಟಿ, ಹೋಳಿಗಿ."

"ಬೇಡ ದೊಡ್ಡಮ್ಮ, ಥ್ಯಾಂಕ್ ಯೂ" ಎಂದಳು ಮಗಳು.

"ಅಯ್ಯ, ಬ್ಯಾಡ ಅಂದ್ರ ಹೆಂಗ? ಬಿಸಿ ಅದ, ತಗೋ."

"ಬೇಡ."

"ನಮ್ಮನಿಗೆ ಬಂದು ಹೋಳಿಗಿ ತಿನ್ನಲಾರದ ಹೋಗ್ತೀಯೇನು? ನನ್ನಾಣಿ ಅದ ನೋಡು."

ಆಗ ಮಗಳು ತಟ್ಟೆ ಮುಂದೆ ಮಾಡಿದಳು. ಹಾಕಿಸಿಕೊಂಡು ಮೂರು ತಿಂದಳು, ತುಪ್ಪ ಮೊಣಕೈವರೆಗೆ ಸುರಿಯಿತು. ತಿನ್ನುವ ಮೊದಲು ನನ್ನ ಕಡೆ ಒಂದು ನೋಟ ನೋಡಿದಳು, ಸರಿಯಾಗಿ ಮಾಡಿದೆನಲ್ಲ ಎಂಬ ಹಾಗೆ. ನಾನೂ ತಲೆಯಾಡಿಸಿದೆ. ಆಗಲೂ ನನ್ನ ಮಂದಬುದ್ಧಿಗೆ ಏನೂ ಹೊಳೆಯಲಿಲ್ಲ.

ಊಟವಾದ ಮೇಲೆ ಅಕ್ಕ ಸೋಫಾದ ಮೇಲೆ ಕಾಲು ಚಾಚಿದಳು. "ಎಲ್ಲಿ, ಒಂದು ಕಥಿ ಓದಿ ಹೇಳು ನನಗ. ಇಂಗ್ಲಿಷ್ ಆದ್ರೂ ನಡೀತದ" ಎಂದಳು.

"ನೋ, ಥ್ಯಾಂಕ್ ಯೂ" ಎಂದಳು ಮಗಳು. ಅದೇ ದನಿ, ಅದೇ ನಗು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಅಯ್ಯ ಓದಽ ನಮ್ಮವ್ವಾ, ಎಷ್ಟ್ ದಿನಾ ಆತು ನಿನ್ನ ದನಿ ಕೇಳಿ" ಎಂದಳು. ಮಗಳು ಬೇಡವೆಂದು ತಲೆಯಾಡಿಸಿದಳು. "ನಿನ್ನ ಸಲುವಾಗಿ ಎದ್ದು ಕೂಡ್ತೇನಿ ನೋಡು, ಓದು" ಎಂದು ಅಕ್ಕ ನಿಜವಾಗಿಯೂ ಎದ್ದು ಕೂತಳು. ಮಗಳು ಓಡಿಹೋಗಿ ಚೀಲದಿಂದ ಪುಸ್ತಕ ತಂದಳು. ಅದೇನು ಓದಿದಳು ಅಂತೀರಿ! ಕರಡಿಗೊಂದು ದನಿ, ಮುದುಕಿಗೊಂದು ದನಿ, ಬಾಗಿಲು ಕಿರ್ರೆನ್ನುವುದಕ್ಕೊಂದು ದನಿ. ಎಲ್ಲಿಯೂ ತಡೆಯಲಿಲ್ಲ. ಒಂದು ಪುಸ್ತಕ ಮುಗಿಸಿ, ಕೇಳದೆಯೇ ಎರಡನೆಯದನ್ನು ಶುರುಮಾಡಿದಳು. ನಾನು ಕೈಯಲ್ಲಿ ಎಲೆ ಅಡಿಕೆ ಹಿಡಿದುಕೊಂಡು ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತೆ.

ವಾಪಸು ಬರುವಾಗ ಗಂಡ ಡ್ರೈವ್ ಮಾಡುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತೆ. ಈ ಸಲ ಕೂಗಲಿಲ್ಲ.

"ಪುಟ್ಟಿ, ದೊಡ್ಡಮ್ಮಗ ಓದಿದಿ. ಸಾಲ್ಯಾಗ ಯಾಕ ಓದೂದಿಲ್ಲ?"

ಅವಳು ಕಿಟಕಿಯಾಚೆ ನೋಡುತ್ತ, "ಟೀಚರ್ ಒಂದೇ ಸಲ ಕೇಳ್ತಾರೆ" ಎಂದಳು.

"ಮತ್ತ ಕ್ರೆಯಾನ್ ಎತ್ತಿಡ್ತೀಯೇನು ಅಂದ್ರ ಒಂದಽ ಸಲಕ್ಕ ಏಳ್ತಿಯಲ್ಲ?"

ಎಂಥ ದಡ್ಡಿ ನೀನು ಎಂಬ ಹಾಗೆ ನೋಡಿದಳು. "ಅದು ಕೆಲಸ, ಅಮ್ಮಾ. ಅದು ಕೇಳೋ ಥರ ಇರುತ್ತೆ ಅಷ್ಟೇ, ಮಾಡು ಅಂತಾನೇ ಅರ್ಥ. ಎಲ್ಲರಿಗೂ ಗೊತ್ತು. ಓದೋದು ಕೆಲಸ ಅಲ್ಲ, ಒಳ್ಳೇದು. ಹೋಳಿಗೆ ಥರ. ಒಳ್ಳೇದು ಕೊಟ್ರೆ ಮೊದಲನೇ ಸಲ ತಗೋಬಾರದು. ಮೂರು ಸಲ ಕೇಳಿದ್ರೆ ತಗೋಬೇಕು. ನೀನೇ ಹೇಳಿದ್ದು."

ಮುಂದಿನ ಸೀಟಿನಲ್ಲಿ ಗಂಡ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬಾಯಿಬಿಟ್ಟು ಬೈದಿದ್ದರೇ ಚೆನ್ನಾಗಿತ್ತು.

ಹೌದು, ಹೇಳಿದವಳು ನಾನೇ. ಅವಳಿಗೆ ನಾಲ್ಕು ವರ್ಷವಿದ್ದಾಗ ಹತ್ತಿರದ ಮರ್ಫಿ ಎಂಬ ಊರಿನಲ್ಲಿ ಕನ್ನಡದವರೊಬ್ಬರ ಮನೆಗೆ ಗಣಪತಿ ಊಟಕ್ಕೆ ಹೋಗಿದ್ದೆವು. ಇವಳು ಯಾರೂ ಕೊಡುವ ಮೊದಲೇ ಜಾಮೂನಿನ ಪಾತ್ರೆಗೆ ಕೈ ಹಾಕಿ, "ಇನ್ನೊಂದು, ಇನ್ನೊಂದು" ಎಂದಿದ್ದಳು. ಮನೆಯೊಡತಿ ನಕ್ಕು ಹಾಕಿಕೊಟ್ಟರು. ಪಕ್ಕದಲ್ಲಿದ್ದ ಒಬ್ಬ ಆಂಟಿ ಮಾತ್ರ ಮಗುವಿನ ತಲೆ ಸವರಿ, "ಪಾಪ, ಮನೇಲಿ ಸಿಹಿ ಮಾಡೋಕೆ ಅಮ್ಮನಿಗೆ ಪುರುಸೊತ್ತಾಗಲ್ವೇನೋ" ಎಂದರು. ಎಷ್ಟು ನಯವಾದ ಮಾತು! ನನಗೆ ಮೈಯೆಲ್ಲ ಉರಿಯಿತು. ಕನ್ನಡದಲ್ಲಿ ಆಡಿದ ಸುತ್ತುಬಳಸಿನ ಮಾತು ನನಗೆ ಕಣ್ಣು ಮಿಟುಕಿಸುವುದರೊಳಗೆ ತಿಳಿಯುತ್ತದೆ. ಅವತ್ತು ಮನೆಗೆ ಬಂದು ಮಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ ಪಾಠ ಮಾಡಿದೆ. ಮಂದಿ ಮನೆಯಲ್ಲಿ ಕೊಟ್ಟ ತಕ್ಷಣ ತೆಗೆದುಕೊಳ್ಳಬಾರದು. ಬೇಡ ಅನ್ನಬೇಕು, ಥ್ಯಾಂಕ್ ಯೂ ಅನ್ನಬೇಕು, ನಗಬೇಕು. ನಿಜವಾಗಿ ಕೊಡುವ ಮನಸ್ಸಿದ್ದವರು ಮತ್ತೆ ಕೇಳುತ್ತಾರೆ. ಮೂರನೇ ಸಲ ಕೇಳಿದರೆ ತೆಗೆದುಕೋ. ಹತ್ತು ಸಲ ಬಾಯಿಪಾಠ ಮಾಡಿಸಿದೆ. ಎಂಥ ಶಿಷ್ಯೆ ನೋಡಿ, ಒಂದಕ್ಷರ ತಪ್ಪದೆ ನಡೆಸಿಕೊಂಡು ಬಂದಿದ್ದಳು.

"ಸಾಲಿ ಮಂದಿ ಮನಿ ಅಲ್ಲವ್ವಾ" ಎಂದೆ. "ಅಲ್ಲಿ ಮೊದಲನೇ ಸಲಕ್ಕಽ ಹೂಂ ಅನ್ನು."

"ಓಕೆ" ಎಂದಳು. ಆ ಓಕೆಯಲ್ಲಿ ಹುರುಪಿರಲಿಲ್ಲ.

ಸೋಮವಾರ ಬೆಳಗ್ಗೆ ಮಕ್ಕಳು ಬರುವ ಮೊದಲೇ ಟೀಚರ ಮುಂದೆ ಹೋಗಿ ನಿಂತೆ. ಈ ಸಲ ಗುರುಗಳು, ದೊಡ್ಡವರು ಎಂದು ಏನೂ ಇಟ್ಟುಕೊಳ್ಳಲಿಲ್ಲ, ಕಡ್ಡಿ ಮುರಿದ ಹಾಗೆ ಹೇಳಿದೆ. ಮೊದಲನೆಯದಾಗಿ, ಮಗಳನ್ನು ಇದೇ ಕ್ಲಾಸಿನಲ್ಲಿ ಇಟ್ಟುಕೊಳ್ಳಲು ನನ್ನ ಒಪ್ಪಿಗೆ ಇಲ್ಲ. ಅವತ್ತು ನೀವು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ. ಎರಡನೆಯದಾಗಿ, ಅವಳಿಗೆ ಓದಲು ಬರುತ್ತದೆ, ನೀವು ಮತ್ತೆ ಕೇಳಬೇಕು ಅಷ್ಟೆ. ಹೋಳಿಗೆಯ ಕಥೆಯನ್ನೂ ಹೇಳಿದೆ. ಹೋಳಿಗೆ ಎಂದರೇನೆಂದು ತಿಳಿಸುವುದಕ್ಕೇ ಐದು ನಿಮಿಷ ಹೋಯಿತು.

ಟೀಚರು ಮುಖ ಚಿಕ್ಕದು ಮಾಡಿಕೊಂಡು ಕೇಳಿದರು. "ಆದರೆ ಮಗು ಬೇಡ ಅಂದ ಮೇಲೆ ಮತ್ತೆ ಕೇಳುವುದು ಬಲವಂತ ಮಾಡಿದ ಹಾಗಲ್ಲವೇ? ಬೇಡ ಅನ್ನುವ ಹಕ್ಕು ಅವಳಿಗಿದೆ ಎಂದು ನಾನು ಬಿಟ್ಟುಕೊಡುತ್ತಿದ್ದೆ" ಎಂದರು. ನನಗೆ ಆಗ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಪಾಪ, ಅವರೂ ಮರ್ಯಾದೆಯನ್ನೇ ಮಾಡುತ್ತಿದ್ದರು. ನಮ್ಮಲ್ಲಿ ಬಿಡದೆ ಒತ್ತಾಯ ಮಾಡಿದರೆ ಪ್ರೀತಿ, ಅವರಲ್ಲಿ ಒಂದೇ ಮಾತಿಗೆ ಬಿಟ್ಟುಕೊಟ್ಟರೆ ಪ್ರೀತಿ. ನಡುವೆ ಸಿಕ್ಕಿದ್ದು ನನ್ನ ಕೂಸು.

"ಮತ್ತೊಂದು ಸಲ ಕೇಳಿ ನೋಡಿ" ಎಂದೆ. ಕೇಳುತ್ತೇನೆ ಎಂದರು.

ಬುಧವಾರ ಬಂತು. ನಾನು ಹಿಂದಿನ ಮೇಜಿನಲ್ಲಿ ಹಳದಿ ಕಾಗದದ ಹೂವು ಕತ್ತರಿಸುತ್ತಿದ್ದೆ. ಮಕ್ಕಳು ಸುತ್ತ ಕೂತರು. ಪುಸ್ತಕ ಕೈಯಿಂದ ಕೈಗೆ ದಾಟುತ್ತ ನನ್ನ ಮಗಳ ಹತ್ತಿರ ಬಂತು.

"ವುಡ್ ಯು ಲೈಕ್ ಟು ರೀಡ್?"

ನಾನು ಕತ್ತರಿ ಕೆಳಗಿಟ್ಟೆ. ಹೂಂ ಅನ್ನವ್ವಾ, ಹೂಂ ಅನ್ನು.

"ನೋ, ಥ್ಯಾಂಕ್ ಯೂ."

ಅಯ್ಯೋ ನನ್ನ ಕರ್ಮವೇ! ಟೀಚರ ಕೈ ಪಕ್ಕದ ಮಗುವಿನ ಕಡೆ ಹೊರಟೇಬಿಟ್ಟಿತ್ತು, ಅಷ್ಟು ವರ್ಷದ ಅಭ್ಯಾಸ. ಅರ್ಧ ದಾರಿಯಲ್ಲಿ ನಿಂತು ವಾಪಸು ಬಂತು. "ನೀನು ಓದಿದರೆ ನನಗೆ ತುಂಬಾ ಇಷ್ಟವಾಗುತ್ತಿತ್ತು" ಎಂದರು. ಎರಡನೇ ಸಲ ಕೇಳುವುದು ಅವರಿಗೆ ಎಷ್ಟು ಕಷ್ಟವಾಯಿತೆಂದರೆ ಕಿವಿಗಳೆರಡೂ ಕೆಂಪಾದವು.

ಮಗಳು ಅವರ ಮುಖವನ್ನೇ ನೋಡುತ್ತಿದ್ದಳು. "ನೋ, ಥ್ಯಾಂಕ್ ಯೂ" ಎಂದಳು ಮತ್ತೆ.

ಆಗ ನನಗೆ ನೆನಪಾಯಿತು, ಮತ್ತೊಂದು ಸಲ ಕೇಳಿ ಎಂದು ಹೇಳಿದ್ದೆ, ಮೂರು ಎಂಬ ಲೆಕ್ಕವನ್ನು ಹೇಳಿರಲಿಲ್ಲ. ಮಗಳಿಗೆ ಮೂರು ಕಲಿಸಿ ಟೀಚರಿಗೆ ಎರಡು ಹೇಳಿ ಬಂದ ನನ್ನಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ. ಕೂಗಿ ಹೇಳೋಣವೆಂದರೆ ಬಾಯಿ ಹಾಕುವ ಹಾಗಿಲ್ಲ. ಟೀಚರು ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲೆ ಮೂರು ಬೆರಳು ಎತ್ತಿ ಹಿಡಿದೆ. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಕುರ್ಚಿಯಿಂದ ಇಳಿದು ಕಾರ್ಪೆಟ್ಟಿನ ಮೇಲೆ ಮಗಳ ಎದುರಿಗೆ ಕೂತರು. ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟರು.

"ರೀಡ್ ಇಟ್ ಟು ಮಿ" ಎಂದರು. ವುಡ್ ಇಲ್ಲ, ಲೈಕ್ ಇಲ್ಲ. ನನಗೆ ಓದಿ ಹೇಳು.

ಮಗಳು ಓದಿದಳು. ಮೊದಲ ಪುಟ ಮೆಲ್ಲಗೆ, ಎರಡನೆಯದು ದನಿಯೇರಿಸಿ, ಮೂರನೆಯದಕ್ಕೆ ಮೊಲ, ನರಿ, ಗಾಳಿ ಎಲ್ಲ ಬಂದವು. ಒಂದು ಪುಟಕ್ಕೆ ನಿಲ್ಲಿಸಬೇಕೆಂದು ಅವಳಿಗೆ ಯಾರೂ ನೆನಪಿಸಲಿಲ್ಲ. ಮಕ್ಕಳು ಮುಂದೆ ಮುಂದೆ ಸರಿದು ಅವಳನ್ನು ಮುತ್ತಿಕೊಂಡರು. ಊಟದ ಗಂಟೆ ಹೊಡೆದರೂ ಟೀಚರು ಏಳಲಿಲ್ಲ. ಪುಸ್ತಕ ಮುಗಿದ ಮೇಲೆ ಎದ್ದು, ಮಕ್ಕಳನ್ನು ಸಾಲು ಹಚ್ಚಿ ಕಳಿಸಿ, ನೇರ ನನ್ನ ಮೇಜಿಗೆ ಬಂದರು.

"ಅವಳು ಥರ್ಡ್ ಗ್ರೇಡಿಗೆ ಹೋಗುತ್ತಾಳೆ ಎಂದೇ ನಾನು ಬರೆಯುತ್ತೇನೆ. ನಾನು ತಪ್ಪು ತಿಳಿದಿದ್ದೆ" ಎಂದರು. ಇಷ್ಟು ನೇರವಾದ ಎರಡು ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲೇ ಇಲ್ಲ. ಛೆ ಛೆ, ಹಾಗೇನಿಲ್ಲ, ತಪ್ಪು ನಿಮ್ಮದಲ್ಲ ಎಂದು ಬಾಯಿತುದಿಗೆ ಬಂತು. ನಾಲಿಗೆ ಕಚ್ಚಿ ಹಿಡಿದೆ. "ತಪ್ಪು ನನ್ನದೂ ಇತ್ತು. ಥ್ಯಾಂಕ್ ಯೂ" ಎಂದೆ. ಅವರು ನಕ್ಕರು. ಏಪ್ರಿಲ್ ಕೊನೆಯಲ್ಲಿ ಅವರು ಹೇಳಿದ ಹಾಗೆಯೇ ಆಯಿತು.

ಅವಳು ಓದಿದ ಆ ಬುಧವಾರ ಮಧ್ಯಾಹ್ನ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ನನಗೆ ನೆಲದ ಮೇಲೆ ಕಾಲಿರಲಿಲ್ಲ. ಆದರೂ ಒಂದು ಸಣ್ಣ ಸಿಟ್ಟು ಉಳಿದಿತ್ತು.

"ಅಲ್ಲ, ಮೊದಲನೇ ಸಲಕ್ಕಽ ಹೂಂ ಅನ್ನು ಅಂತ ಅಷ್ಟ್ ಹೇಳಿದ್ದೆ. ಮತ್ಯಾಕ ನೋ ಅಂದಿ? ನನ್ನ ಜೀವಾನೇ ಹೋಗಿತ್ತು."

ಅವಳು, ಯಾವತ್ತೂ ಇಲ್ಲದ್ದು, ಕನ್ನಡದಲ್ಲಿ ಹೇಳಿದಳು.

"ನೋಡಬೇಕಿತ್ತು, ಅಮ್ಮಾ. ಅವರಿಗೆ ನಾನು ನಿಜವಾಗ್ಲೂ ಬೇಕಾ ಅಂತ."

ಆಗಸ್ಟಿನಿಂದ ಮಾರ್ಚಿನವರೆಗೆ ದಿನಾ ಆ ಕಾರ್ಪೆಟ್ಟಿನ ಮೇಲೆ ನನ್ನ ಮಗಳು, ತಾನು ಓದುವುದು ಟೀಚರಿಗೆ ಬೇಕಿಲ್ಲ ಎಂದುಕೊಂಡೇ, ನಗುನಗುತ್ತ ಥ್ಯಾಂಕ್ ಯೂ ಹೇಳಿ ಕೂತಿದ್ದಳು. ನಾನು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ಅವಳ ಪಕ್ಕ ಕೂತು ಜೋರಾಗಿ ಅತ್ತೆ. ಅವಳು ನನ್ನ ಬೆನ್ನು ಸವರುತ್ತ, "ಅಮ್ಮಾ, ಅವರು ಮೂರು ಸಲಾನೂ ಕೇಳಿದ್ರು" ಎಂದು ನನಗೇ ಸಮಾಧಾನ ಹೇಳುತ್ತಿದ್ದಳು.